ಕಿಡಿ ಯಾವಾಗ ಹಾರಬೇಕು?

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿದ ಕ್ಷಣವೇ ಇಂಧನವೆಲ್ಲ ಉರಿದುಹೋಗುತ್ತದೆಂದು ನೀವು ತಿಳಿದಿರಬಹುದು. ಇಲ್ಲ, ಜ್ವಾಲೆ ಹರಡಲು ಒಂದೆರಡು ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ ಒಂದೇ ಮಿಲಿಸೆಕೆಂಡಿನಲ್ಲಿ 36 ಡಿಗ್ರಿ ತಿರುಗಿಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಹಾಗಾಗಿ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು.

ಟರ್ಬೋ ಇದ್ದರೆ ಕಥೆ ಬೇರೆ. ಎಂಜಿನ್ ಹೊರಬಿಡುವ ಅನಿಲದಿಂದಲೇ ತಿರುಗುವ ಈ ಯಂತ್ರ ಹೆಚ್ಚು ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಇದು ಗೊತ್ತು. ಆಗ ಜ್ವಾಲೆ ತಲುಪುವ ಮುನ್ನವೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಸುತ್ತಿಗೆಯಂತೆ ಬಡಿಯುತ್ತದೆ. ಇದೇ ನಾಕಿಂಗ್. ಜೋರಾದರೆ ಪಿಸ್ಟನ್ನೇ ತೂತಾದೀತು.

ಉಪಾಯವೇನು? ಕಿಡಿಯನ್ನು ತುಸು ತಡಮಾಡಿದರೆ ಗರಿಷ್ಠ ಒತ್ತಡ ಪಿಸ್ಟನ್ ಇಳಿಯುವಾಗ ಬಂದು ತಗ್ಗುತ್ತದೆ. ಜತೆಗೆ ಪೆಟ್ರೋಲ್ ಹೆಚ್ಚಿಸುತ್ತಾರೆ. ಒಂದು ಕಿಲೋ ಪೆಟ್ರೋಲಿನ ಪೂರ್ಣ ದಹನಕ್ಕೆ 14.7 ಕಿಲೋ ಗಾಳಿ ಬೇಕು (ಪರೀಕ್ಷೆಗೂ ಉಪಯುಕ್ತ ಅಂಕಿ). ಟರ್ಬೋ ಪೂರ್ತಿ ಒತ್ತುವಾಗ ಅದನ್ನು 12ರ ಆಸುಪಾಸಿಗೆ ಇಳಿಸುತ್ತಾರೆ. ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತ ಶಾಖ ಹೀರುತ್ತದೆ. ಕಿಡಿ ಅತಿ ತಡವಾದರೂ ಕೇಡೇ: ಶಕ್ತಿ ಕುಂದುತ್ತದೆ, ಹೊರಹೋಗುವ ಅನಿಲ ಕಾದು ಟರ್ಬೋವನ್ನು ಸುಡುತ್ತದೆ.

ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆಸಿದ ದ್ರವ ಸಿಂಪಡಿಸುತ್ತಿತ್ತು. ಅದನ್ನು ತುಂಬಿಸಲು ಮಾಲೀಕರೇ ಮರೆಯುತ್ತಿದ್ದರು! 1963ರ ನಂತರ ಆ ಕಾರು ಬರಲಿಲ್ಲ. ಈಗ ಎಂಜಿನ್ನಿಗೆ ಅಂಟಿಸಿದ ಸಂವೇದಕವೊಂದು ಬಡಿತ ಗುರುತಿಸಿದೊಡನೆ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ. ಆ ಕಂಪ್ಯೂಟರಿನ ಅಂಕಿ ತಿದ್ದಿ ಶಕ್ತಿ ಹೆಚ್ಚಿಸಿದ ಕಾರು ಕಂಡರೆ, ಟರ್ಬೋ ಒತ್ತಡ ಎಷ್ಟೆಂದು ಕೇಳುವ ಮೊದಲು, ಯಾವ ಆಕ್ಟೇನ್ ಪೆಟ್ರೋಲಿಗೆ ಕಿಡಿ ಹೊಂದಿಸಿದ್ದಾರೆಂದು ಕೇಳಿ.