ನಿಮಗಿದು ಗೊತ್ತೇ? ಬಿಸಿಗಾಳಿಗೆ ಎಂಜಿನ್ ಸೊರಗುವುದೇಕೆ?

1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ನೋಡಲು ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಬೆಳಗಿನ ಜಾವವೇ ಹೊರಟರೆ ಕಾರು ಸಲೀಸಾಗಿ ಎಳೆಯುತ್ತದೆ. ಅದೇ ಕಾರು ಏಪ್ರಿಲ್ ಮಧ್ಯಾಹ್ನ ಚಳ್ಳಕೆರೆ ಕಡೆ ಮರಳುವಾಗ ಪಿಕಪ್ ಸಾಲದೆನಿಸುತ್ತದೆ. ಇದು ಭ್ರಮೆಯಲ್ಲ. ಗಾಳಿ 22 ಡಿಗ್ರಿ ಸೆಲ್ಸಿಯಸ್‌ನಿಂದ 40ಕ್ಕೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ 6ರಷ್ಟು ಇಳಿಯುತ್ತದೆ. ಸಿಲಿಂಡರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚಳ್ಳಕೆರೆ ಸಮುದ್ರಮಟ್ಟದಿಂದ 580 ಮೀಟರ್‌ಗೂ ಮೇಲಿದೆ. ಒಂದೇ ಉಷ್ಣಾಂಶವಿದ್ದರೂ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ 6ರಷ್ಟಾದರೂ ತೆಳು.

ನಿಜವಾದ ಸೋಜಿಗ ಇರುವುದು ಟೈಮಿಂಗ್‌ನಲ್ಲಿ. ಪಿಸ್ಟನ್ ತುದಿ ಮುಟ್ಟುವ ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಬೇಕು. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗಿರುತ್ತದೆ! ಒಳಬಂದ ಗಾಳಿ 25 ಡಿಗ್ರಿ ಹೆಚ್ಚು ಬಿಸಿಯಿದ್ದರೆ, ಹತ್ತು ಪಟ್ಟು ಅದುಮಿದ ಮೇಲೆ ಆ ವ್ಯತ್ಯಾಸ 50 ಡಿಗ್ರಿ ದಾಟುತ್ತದೆ. ಆಗ ಕಿಡಿಯ ಬೆಂಕಿ ತಲುಪುವ ಮುನ್ನವೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಎಂಜಿನ್ ಟಕಟಕ ಬಡಿಯುತ್ತದೆ. ಇದೇ ನಾಕಿಂಗ್. ಇದನ್ನು ತಪ್ಪಿಸಲು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಕುಗ್ಗುತ್ತದೆ.

ಈ ಬಿಸಿಯ ಸುದ್ದಿ ಇಸಿಯುಗೆ ಮುಟ್ಟಿಸುವುದು ಬೆರಳ ತುದಿಯಷ್ಟು ಚಿಕ್ಕ ಸೆನ್ಸರ್. ಬಿಸಿಯೇರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಬಾಷ್‌ನ ಒಂದು ಸಾಮಾನ್ಯ ಮಾದರಿಯಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 100 ಡಿಗ್ರಿಗೆ 200ಕ್ಕೂ ಕಡಿಮೆ. ‘ಪವರ್ ಚಿಪ್’ ಎಂದು ಮಾರುವ ಕೆಲವು ಡಬ್ಬಿಗಳೊಳಗೆ ಇರುವುದು ಈ ಸೆನ್ಸರಿನ ಬದಲಿಗೆ ಕೂರಿಸುವ ಒಂದು ರೆಸಿಸ್ಟರ್ ಮಾತ್ರ. ಗಾಳಿ ತಂಪಾಗಿದೆ ಎಂದು ಇಸಿಯುಗೆ ಸುಳ್ಳು ಹೇಳುವುದೇ ಅದರ ಕೆಲಸ. ಬಯಲುಸೀಮೆಯ ಬೇಸಿಗೆಯಲ್ಲಿ ಅದನ್ನು ಹಾಕಿಸುವುದೆಂದರೆ ಕೈಯಾರೆ ಎಂಜಿನ್ ಕೆಡಿಸಿಕೊಂಡಂತೆ.

ಏರ್ ಬಾಕ್ಸ್ ಕಿತ್ತು ಬಾನೆಟ್ ಒಳಗೇ ತೆರೆದ ಫಿಲ್ಟರ್ ಕೂರಿಸುವುದೂ ಅಷ್ಟೆ. ಸದ್ದು ಜೋರಾಗುತ್ತದೆ, ಎಂಜಿನ್ ಕುಡಿಯುವುದು ಮಾತ್ರ ಬಿಸಿಗಾಳಿ.

ಇ20 ಪೆಟ್ರೋಲಿನ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಮಿಶ್ರಣವನ್ನು ತಂಪು ಮಾಡುತ್ತದೆ. ನಾಕಿಂಗ್‌ಗೂ ತಡೆ. ಮೈಲೇಜ್ ಮಾತ್ರ ಕೊಂಚ ಇಳಿಯುತ್ತದೆ.

ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಅದುಮಿದ ಗಾಳಿಯ ಬಿಸಿಗೇ ಇಂಧನ ಹೊತ್ತಬೇಕು. ಚಳಿಗಾಲದ ಬೆಳಗ್ಗೆ ಗ್ಲೋ ಪ್ಲಗ್ ಬೇಕಾಗುವುದು ಅದಕ್ಕೇ.

ಟರ್ಬೊ ಅದುಮಿದ ಗಾಳಿ 100 ಡಿಗ್ರಿ ದಾಟಬಲ್ಲದು. ಅದನ್ನು ತಣಿಸುವ ಇಂಟರ್‌ಕೂಲರ್ ಹಲವು ಕಾರುಗಳಲ್ಲಿ ಬಂಪರ್ ಹಿಂದೆಯೇ ಇರುತ್ತದೆ. ಮೊಳಕಾಲ್ಮೂರಿನ ಮಣ್ಣುದಾರಿ ಸುತ್ತಿ ಬಂದವರು ಸರ್ವಿಸ್‌ಗೆ ಬಿಟ್ಟಾಗ ಅದರ ರೆಕ್ಕೆಗಳ ಧೂಳನ್ನೂ ತೆಗೆಸಬೇಕು.

ಇನ್ನೊಂದು: ಸೆನ್ಸರ್ ಅತಿ ಹೆಚ್ಚು ಬಿಸಿ ತೋರಿಸುವುದು ಓಡುವಾಗಲ್ಲ, ಚಹಾಕ್ಕೆಂದು ಹದಿನೈದಿಪ್ಪತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗ. ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ, ಹೊರಗಾಳಿ ನುಗ್ಗಿದಂತೆ ಟೈಮಿಂಗ್ ತಾನೇ ಸರಿಹೋಗುತ್ತದೆ.