ಮರೆವಿಗೆ ಒಳಗಾದ ಹಿರಿಯರ ನಿತ್ಯೋಪಚಾರ

'ಅರವತ್ತಕ್ಕೆ ಅರಳುಮರಳು' ಎಂಬುದು ಕನ್ನಡ ನಾಡಿನ ಹಳೆಯ ಮಾತು. ಮುಪ್ಪು ಬಂದಲ್ಲಿ ಮತಿಭ್ರಂಶವೂ ಬರುವುದು ಸಹಜವೆಂಬ ಭಾವನೆ ಇದರಲ್ಲಿ ಅಡಗಿದೆ. ವೈದ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ವೃದ್ಧರೆಲ್ಲರಿಗೂ ಈ ಸ್ಥಿತಿ ಒದಗದು. ಒದಗಿದವರಲ್ಲಿ ಅದು ಮಿದುಳಿನ ರೋಗದ ಫಲ. ಇದನ್ನು ಇಂದು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಇದರ ಪ್ರಧಾನ ಕಾರಣವಾದ ವ್ಯಾಧಿಯನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ 1906ರಲ್ಲಿ ವಿವರಿಸಿದನು. ಅದನ್ನು ಬುಡಸಮೇತ ಕೀಳುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದ ರೋಗಿಯ ಸುಖದುಃಖಗಳು ಬಹುಮಟ್ಟಿಗೆ ಮನೆಯವರ ಕೈಯಲ್ಲಿವೆ.

ಸ್ನಾನಕ್ಕೆ ಕರೆದರೆ ಬಾರರು, ಉಟ್ಟ ಬಟ್ಟೆಯನ್ನು ಬಿಡರು ಎಂದು ಮನೆಯವರು ನೊಂದುಕೊಳ್ಳುವುದುಂಟು. ಇದನ್ನು ಹಠವೆಂದು ತಿಳಿಯುವುದೇ ಮೊದಲ ತಪ್ಪು. ಸ್ನಾನವೆಂಬುದು ನಮಗೆ ಒಂದೇ ಕೆಲಸವಾಗಿ ತೋರುತ್ತದೆ. ವಾಸ್ತವದಲ್ಲಿ ಬಟ್ಟೆ ಕಳಚುವುದು, ನೀರು ಹದಮಾಡುವುದು, ಮೈಯುಜ್ಜುವುದು, ಒರೆಸಿಕೊಳ್ಳುವುದು ಎಂಬ ಹತ್ತಾರು ಕೆಲಸಗಳ ಸರಣಿಯದು. ರೋಗವು ಮೊದಲು ಕಡಿಯುವುದು ಈ ಸರಣಿಯ ಕೊಂಡಿಗಳನ್ನು. ಮುಂದೇನೆಂದು ತೋಚದವನಿಗೆ ಭಯವಾಗುತ್ತದೆ. ಭಯವೇ ಹಠದ ರೂಪವನ್ನು ತಾಳುತ್ತದೆ. ಕಡಿದ ಕೊಂಡಿಯನ್ನು ಮಾತ್ರ ಕೂಡಿಸಿಕೊಡುವುದು, ಉಳಿದುದನ್ನು ಅವರಿಗೇ ಬಿಡುವುದು ಉಪಚಾರದ ಸಾರ.

ಸ್ನಾನವು ನಿತ್ಯವೂ ಅವರ ಹಳೆಯ ರೂಢಿಯ ವೇಳೆಯಲ್ಲೇ ನಡೆಯಲಿ. ನೀರು, ಸಾಬೂನು, ಟವೆಲು, ಮಡಿಬಟ್ಟೆಗಳನ್ನು ಮೊದಲೇ ಸಿದ್ಧಪಡಿಸಿರಬೇಕು. ನಡುವೆ ಅವರನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ನೀರಿನ ಬಿಸಿಯನ್ನು ಉಪಚರಿಸುವವರು ತಮ್ಮ ಮೊಳಕೈಯಿಂದ ಪರೀಕ್ಷಿಸಬೇಕು. ತಗ್ಗಿನ ಮಣೆಯಿಂದ ಏಳುವುದು ಕಷ್ಟ. ಅಲುಗಾಡದ ಎತ್ತರದ ಪೀಠ, ಜಾರದ ನೆಲ, ಗೋಡೆಗೆ ಒಂದು ಹಿಡಿಕೆ ಅವಶ್ಯ. ಬಾಗಿಲಿಗೆ ಒಳಚಿಲಕ ಬೇಡ. ತಲೆಯ ಮೇಲೆ ಹಠಾತ್ತನೆ ನೀರು ಸುರಿಯದೆ ಪಾದದಿಂದ ಆರಂಭಿಸಬೇಕು. ತಂಬಿಗೆ ಅವರ ಕೈಯಲ್ಲೇ ಇರಲಿ. ಲಜ್ಜೆಯು ಮರೆವಿನೊಡನೆ ಅಳಿಯುವುದಿಲ್ಲ. ಮೈಮೇಲೆ ಒಂದು ವಸ್ತ್ರವನ್ನು ಹೊದಿಸಿಯೇ ಸ್ನಾನ ಮಾಡಿಸಬಹುದು. ಒಂದು ದಿನ ಒಲ್ಲೆನೆಂದರೆ ಒದ್ದೆಬಟ್ಟೆಯಿಂದ ಮೈಯೊರೆಸಿದರೂ ಸಾಕು. ಬಲಾತ್ಕಾರದ ಸ್ನಾನಕ್ಕಿಂತ ಅದು ಲೇಸು.

ಉಡುಪಿನ ವಿಷಯದಲ್ಲಿಯೂ ಇದೇ ನೀತಿ. ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ಜೋಡಿಸಿಡಬೇಕು. 'ಯಾವುದನ್ನು ಉಡುವಿರಿ?' ಎಂದು ಕೇಳುವ ಬದಲು ಎರಡನ್ನು ತೋರಿಸಿ ಒಂದನ್ನು ಆರಿಸಗೊಡಬೇಕು. ಮಗಳ ಹೆಸರನ್ನೇ ಮರೆತ ತಾಯಿಯ ಬೆರಳುಗಳು ಸೀರೆಯ ನೆರಿಗೆಯನ್ನು ಮರೆಯದಿರಬಹುದು. ಅವಸರದಿಂದ ಆ ಕೆಲಸವನ್ನು ಕಸಿದುಕೊಂಡರೆ ಉಳಿದ ಶಕ್ತಿಯೂ ಬೇಗನೆ ಕುಂದುತ್ತದೆ. ಹಲ್ಲುಜ್ಜಲು ಮಾತಿನಿಂದ ಹೇಳುವುದಕ್ಕಿಂತ ಎದುರಿಗೆ ನಿಂತು ತಾವೂ ಉಜ್ಜಿ ತೋರಿಸುವುದು ಮೇಲು.

ಶೌಚಕ್ಕೆ ಎರಡು ಗಂಟೆಗೊಮ್ಮೆ, ಊಟವಾದ ಮೇಲೆ ಮತ್ತು ಮಲಗುವ ಮುನ್ನ ಕರೆದೊಯ್ಯಬೇಕು. ಚಡಪಡಿಸುವುದು, ಬಟ್ಟೆಯನ್ನು ಎಳೆದಾಡುವುದು ಬಾಯಿಲ್ಲದ ಕರೆಗಳು. ರಾತ್ರಿ ಆ ದಾರಿಯಲ್ಲಿ ದೀಪವಿರಲಿ. ಬಟ್ಟೆ ಒದ್ದೆಯಾದೀತೆಂದು ಹಗಲಿನಲ್ಲಿ ನೀರು ಕುಡಿಸುವುದನ್ನು ಕಡಿಮೆಮಾಡಬಾರದು. ಅದರಿಂದ ಮಲಬದ್ಧತೆಯೂ ಗೊಂದಲವೂ ಹೆಚ್ಚುತ್ತವೆ. ಒಂದೆರಡು ದಿನಗಳಲ್ಲೇ ಸ್ಥಿತಿ ಹದಗೆಟ್ಟರೆ ಮೂತ್ರದ ಸೋಂಕು ಮೊದಲಾದ ಕಾರಣವಿರಬಹುದು. ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.

ಈ ಭಾರವನ್ನು ಬಹುತೇಕ ಮನೆಗಳಲ್ಲಿ ಹೆಂಡತಿಯೋ ಸೊಸೆಯೋ ಒಬ್ಬಳೇ ಹೊರುತ್ತಾಳೆ. ದಣಿದವಳ ಕೈ ಒರಟಾಗುವುದು ಅವಳ ದೋಷವಲ್ಲ. ವಾರದಲ್ಲಿ ಕೆಲವು ಹೊತ್ತಾದರೂ ಬೇರೊಬ್ಬರು ಹೆಗಲು ಕೊಡಬೇಕು.

ಮನೆಯ ಮಕ್ಕಳೂ ಇದರಲ್ಲಿ ಪಾಲುಗೊಳ್ಳಬಹುದು. ಅಜ್ಜನು ಅಂಗಿಯನ್ನು ತಿರುವುಮುರುವಾಗಿ ತೊಟ್ಟು ಬಂದಾಗ ನಗದೆ, ನಾಲ್ಕು ಜನರ ಮುಂದೆ ಹೇಳದೆ, ಒಳಗೆ ಕರೆದೊಯ್ದು ಸರಿಪಡಿಸಿದರೆ ಸಾಕು. ಏಕೆ ನಕ್ಕರೆಂಬುದು ಅಜ್ಜನಿಗೆ ಮರೆತುಹೋದೀತು. ಅವಮಾನದ ನೋವು ಮಾತ್ರ ಅವನಲ್ಲಿ ಉಳಿಯುತ್ತದೆ.