ಶಾಲೆಯ ಕೈತೋಟ ಬೇಸಿಗೆಯಲ್ಲಿ ಬಾಡದಿರಲಿ

ನಮ್ಮ ನಾಡಿನಲ್ಲಿ ಮುಂಗಾರು ಮಳೆಯೂ ಶಾಲಾ ವರ್ಷವೂ ಹೆಚ್ಚುಕಡಿಮೆ ಜೊತೆಯಾಗಿಯೇ ಆರಂಭವಾಗುತ್ತವೆ. ಮೃಗಶಿರಾ ಮಳೆಗೆ ಮಣ್ಣು ಹದಗೊಂಡಾಗ ಪ್ರಾಥಮಿಕ ಶಾಲೆಯ ಮಕ್ಕಳು ಪಾತಿ ಮಾಡಿ, ಗೇಣಿನಿಂದ ಅಂತರ ಅಳೆದು ಬೆಂಡೆ, ಕುಂಬಳಗಳ ಬೀಜ ಊರುತ್ತಾರೆ. ನುಗ್ಗೆಯ ಕೊಂಬೆ ನೆಡುತ್ತಾರೆ. ಸುಮಾರು ಒಂದು ತಿಂಗಳಲ್ಲಿ ಹರಿವೆ ಸೊಪ್ಪು ಕೊಯ್ಲಿಗೆ ಬರುತ್ತದೆ.

ಶರಣರ ಪದವನ್ನೇ ಹೆಸರಿನಲ್ಲಿ ಹೊತ್ತು 2002ರಲ್ಲಿ ಆರಂಭವಾದ ‘ಅಕ್ಷರ ದಾಸೋಹ’ದ ಬಿಸಿಯೂಟಕ್ಕೆ ಈ ಸೊಪ್ಪು ಸೇರಿದರೆ, ಮನೆಯಲ್ಲಿ ಸೊಪ್ಪೆಂದರೆ ಮುಖ ತಿರುಗಿಸುವ ಮಗುವೂ ತಾನು ಬೆಳೆದುದೆಂಬ ಹೆಮ್ಮೆಯಿಂದ ಉಣ್ಣುವುದುಂಟು.

ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನ್ನೊಣದಂತಹ ಕೀಟಗಳು ಸುಳಿಯದಿದ್ದರೆ ಕಾಯಿ ಕಟ್ಟದು. ಪುಸ್ತಕದ ಪರಾಗಸ್ಪರ್ಶ ಇಲ್ಲಿ ಕಣ್ಣೆದುರಿಗೇ ನಡೆಯುತ್ತದೆ. ಚಳಿಗಾಲದ ಅವರೆ ಗಿಡವನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ; ಅವುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ.

ಆದರೆ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಶಾಲೆಗೆ ಬೀಗ ಬೀಳುತ್ತದೆ, ತೋಟಕ್ಕೆ ನೀರಿಲ್ಲ. ವರ್ಷವಿಡೀ ಸಲಹಿದ ಕರಿಬೇವಿನ ಸಸಿ ಒಣಗಿ ಕಡ್ಡಿಯಾಗಿರುವುದನ್ನು ಕಂಡ ಮಗುವಿಗೆ ಮತ್ತೆ ನೆಡುವ ಉತ್ಸಾಹ ಉಳಿದೀತೆ?

ಆದುದರಿಂದ ಮಾರ್ಚಿಯಲ್ಲಿಯೇ ಬಲಿತ ಬೀಜಗಳನ್ನು ಒಣಗಿಸಿ ತೆಗೆದಿರಿಸಬೇಕು. ಗಿಡಗಳ ಬುಡಕ್ಕೆ ಒಣ ಎಲೆ ಹೊದಿಸಬೇಕು. ನೆರೆಹೊರೆಯ ಕುಟುಂಬಗಳು ಮುಖ್ಯೋಪಾಧ್ಯಾಯರೊಡನೆ ಮಾತನಾಡಿ, ವಾರಕ್ಕೊಂದು ಮನೆಯಂತೆ ನೀರುಣಿಸುವ ಹೊಣೆ ಹೊರಬೇಕು. ಕೆಲವು ಕೊಡ ನೀರಿನಿಂದ ಮಕ್ಕಳ ಒಂದು ವರ್ಷದ ಕಾಯಕ ಉಳಿಯುತ್ತದೆ.